ಕೆರಿಯಮ್ಮನ ಒಲೆ ಒಡೆದ ಶಿವರಾಮ

ಹೊಸನಗರದಿಂದ ಹುಲಿಕಲ್ ಕಡೆಗೆ ಹೋಗುವ ದಾರಿಯ ಹಳ್ಳಿಗಳಲ್ಲಿ ಟಣ್ ಟಣ್ ಟಣ್ ಎಂದು ಮೂರು ಸಲ ಕೇಳಿಸಿದರೆ ಶಿವರಾಮ ಬಂದ ಎಂದೇ ಅರ್ಥ. ಹಾರ್ನ್ ಹೊಡೆಯುವುದು ಅವನಿಗೆ ಸೇರದು. ಗೂಡ್ಸ್ ಆಟೋ ನಿಲ್ಲಿಸಿ ಖಾಲಿ ಸಿಲಿಂಡರಿಗೆ ಸ್ಪ್ಯಾನರಿನಿಂದ ಬಡಿಯುತ್ತಾನೆ. ಆಟೋ ಹೋಗದ ಮನೆಗಳಿಗೆ ತುಂಬಿದ ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡು ಹಳ್ಳಕ್ಕೆ ಅಡ್ಡ ಹಾಕಿದ ಮರದ ಸಂಕ ದಾಟಿ ಹೋಗುತ್ತಾನೆ. ಒಲೆಗೆ ಕೂಡಿಸಿ, ಸೋಪಿನ ನೀರು ಸವರಿ, ಸೋರುವುದಿಲ್ಲ ಎಂದು ಕಣ್ಣಾರೆ ಕಂಡ ಮೇಲೆಯೇ ಹೊರಡುವುದು. ಹದಿನೆಂಟು ವರ್ಷ ಹೀಗೆ ಮಾಡಿದ. ಈಗ ಮಾಡುತ್ತಿಲ್ಲ. ಅವನ ಕಥೆ ಹೇಳಲು ನಾನು ಕೂತದ್ದೇ ಅದಕ್ಕೆ.

ನಾನು ನಾರಾಯಣಮೂರ್ತಿ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಕಲಿಸಿದವನು. ಶಿವರಾಮ ನನ್ನ ಶಿಷ್ಯ. ಭೂಪಟದಲ್ಲಿ ಅರಬ್ಬಿ ಸಮುದ್ರ ತೋರಿಸೋ ಎಂದರೆ ಹಿಮಾಲಯದ ಮೇಲೆ ಬೆರಳಿಟ್ಟು ನನ್ನಿಂದ ಬೆತ್ತದ ಏಟು ತಿಂದವನು. ಅದೇ ಸಮುದ್ರ ಒಂದು ದಿನ ಅವನನ್ನು ಹುಡುಕಿಕೊಂಡು ಹೊಸನಗರಕ್ಕೆ ಬರುತ್ತದೆಂದು ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ.

ಮೊದಲು ಕೆರಿಯಮ್ಮನ ವಿಷಯ ಹೇಳಬೇಕು. ಹುಲಿಕಲ್ ಹತ್ತಿರ ರಸ್ತೆಯಿಂದ ಕೆಳಗಿಳಿದರೆ ಅವರ ಮನೆ. ಒಂದು ಅಡಿಗೆಮನೆ, ಒಂದು ನಡುಮನೆ, ಮುಂದೆ ಜಗಲಿ, ಅಷ್ಟೇ. ಜೊತೆಗಿರುವವಳು ಮಗಳು ಕಾವ್ಯಾ, ಅಂಗನವಾಡಿಯಲ್ಲಿ ಸಹಾಯಕಿ. ಒಂಬತ್ತು ವರ್ಷದ ಹಿಂದೆ ಕೆರಿಯಮ್ಮನಿಗೆ ಉಸಿರು ಕಟ್ಟಿ ಶಿವಮೊಗ್ಗಕ್ಕೆ ಒಯ್ದಾಗ ಡಾಕ್ಟರು ಖಂಡಿತವಾಗಿ ಹೇಳಿದ್ದರು: ಶ್ವಾಸಕೋಶ ಅರ್ಧ ಹೋಗಿದೆ, ಇನ್ನು ಹೊಗೆ ಕುಡಿದರೆ ಉಳಿಯುವುದಿಲ್ಲ.

ಆದರೆ ಅವರ ಅತ್ತೆ ಕಟ್ಟಿದ ಮಣ್ಣಿನ ಒಲೆ ಇತ್ತಲ್ಲ! ದಿನಾ ಬೆಳಿಗ್ಗೆ ಸಗಣಿ ಸಾರಿಸಿ, ರಂಗೋಲಿ ಎಳೆದು, ಕುಂಕುಮ ಇಟ್ಟ ಮೇಲೆ ಬೆಂಕಿ. ಸರ್ಕಾರ ಬಡವರಿಗೆ ಗ್ಯಾಸ್ ಕೊಡುತ್ತದೆಂದು ಶಿವರಾಮ ಮೂರು ತಿಂಗಳು ಅವರ ಬೆನ್ನು ಬಿದ್ದ. ಸಿಲಿಂಡರು ಬಂದು ಮೂಲೆಯಲ್ಲಿ ಕೂತಿತು. ಕೆರಿಯಮ್ಮ ಮಾತ್ರ ಸೌದೆಯನ್ನೇ ಉರಿಸಿದರು. ಕೊನೆಗೆ ಅವರೇ ಹೇಳಿದರಂತೆ:

"ಒಲೆ ಕಣ್ಣಿಗೆ ಕಂಡ್ರೆ ನನ್ ಕೈ ಸುಮ್ನಿರಲ್ಲ ಕಣಾ. ನೀನೇ ಒಡ್ದು ಹಾಕು."

ಒಲೆಗೆ ಕೈ ಮುಗಿದು ಅವರು ಹೊರಗೆ ಹೋಗಿ ನಿಂತರು. ಶಿವರಾಮ ಹಾರೆಯಿಂದ ಒಡೆದ. ಒಡೆದ ಮಣ್ಣನ್ನು ತೆಂಗಿನ ಬುಡಕ್ಕೆ ಹಾಕಿ ಬಂದು, "ನಾ ಇರೋ ತನಕ ನಿಮ್ಮನೇಲಿ ಗ್ಯಾಸ್ ಖಾಲಿ ಆಗಲ್ಲ ಕೆರಿಯಮ್ಮಾ" ಎಂದು ಮಾತು ಕೊಟ್ಟ. ಒಂಬತ್ತು ವರ್ಷ ಅದನ್ನು ಉಳಿಸಿಕೊಂಡ. ಕೆರಿಯಮ್ಮನ ಕೆಮ್ಮು ಇಳಿಯಿತು. ಸಿಗಂದೂರಿಗೆ ಹೋಗಿ ದೇವಿಗೆ ಹಣ್ಣುಕಾಯಿ ಮಾಡಿಸಿಕೊಂಡೂ ಬಂದರು.

ಇನ್ನು ನಮ್ಮ ಜಾಣತನದ ವಿಷಯ. ಕನೆಕ್ಷನ್ ಫಾರಂನಲ್ಲಿ ಮೊಬೈಲ್ ನಂಬರಿಗೆ ಒಂದು ಜಾಗ ಇರುತ್ತದೆ. ಆ ಕಡೆಯ ಹೆಂಗಸರ ಹತ್ತಿರ ಆಗ ಮೊಬೈಲೂ ಇರಲಿಲ್ಲ, ಇದ್ದರೂ ಸಿಗ್ನಲ್ ಇರಲಿಲ್ಲ. ಬುಕ್ ಮಾಡುವುದು ಹೇಗೆ, ಓಟಿಪಿ ಹೇಳುವುದು ಹೇಗೆ? ಶಿವರಾಮ, "ಎಲ್ಲಾ ಕಡೆ ನನ್ ನಂಬರ್ರೇ ಹಾಕಿ ಸಾರ್" ಎಂದ. ಫಾರಂ ತುಂಬಿದವನು ನಾನು. ನಲವತ್ತಮೂರು ಮನೆಗಳ ಫಾರಂನಲ್ಲಿ ನನ್ನ ದುಂಡನೆಯ ಅಕ್ಷರದಲ್ಲಿ ಅವನದೇ ನಂಬರು. ಯಾರ ಮನೆಯಲ್ಲಿ ಯಾವಾಗ ಖಾಲಿಯಾಗುತ್ತದೆಂದು ಅವನಿಗೆ ಬಾಯಿಪಾಠ. ಬುಕ್ ಮಾಡುವವನೂ ಅವನೇ, ಓಟಿಪಿ ನೋಡುವವನೂ ಅವನೇ, ಹೊತ್ತು ಒಯ್ಯುವವನೂ ಅವನೇ. ಇದೊಂದು ಪುಣ್ಯದ ಕೆಲಸ ಎಂದು ನಾವಿಬ್ಬರೂ ಬೀಗಿದ್ದೆವು.

ಈ ಬೇಸಿಗೆಯಲ್ಲಿ ಕೊಲ್ಲಿ ಸಮುದ್ರದ ಕಡೆ ಕಾಳಗ ಹತ್ತಿಕೊಂಡಿತು. ಹಡಗುಗಳು ನಿಂತವು. ಹೊಸನಗರದ ಏಜೆನ್ಸಿಯ ಮುಂದೆ ಸಾಲು ಬೆಳೆಯಿತು. ಶಿವರಾಮ ನನ್ನ ಜಗಲಿಗೆ ಬಂದು, "ಇದೆಂತ ಸಾರ್ ಇದು?" ಎಂದ. ಪಾಠ ಹೇಳಲು ಶಿಷ್ಯ ಸಿಕ್ಕನಲ್ಲ ಎಂದು ನನಗೆ ಉಮೇದು ಬಂತು. ಕ್ಯಾಲೆಂಡರಿನ ಹಳೇ ಹಾಳೆಯ ಹಿಂದೆ ಭೂಪಟ ಬರೆದೆ. ಇಲ್ಲಿ ಹೊರ್ಮುಜ್ ಜಲಸಂಧಿ, ನಮ್ಮ ಹಳ್ಳದ ಸಂಕ ಇದ್ದ ಹಾಗೆ, ಬೇರೆ ದಾರಿಯಿಲ್ಲ. ಆ ಕಡೆ ನೆಲದಡಿಯ ಅನಿಲ ತೆಗೆದು ಹಡಗಿಗೆ ತುಂಬುತ್ತಾರೆ, ಸಿಲಿಂಡರಿನ ಗ್ಯಾಸೂ ಹೆಚ್ಚಿನದು ಅಲ್ಲಿಂದಲೇ. ಕೆಲವು ವರ್ಷದ ಹಿಂದೆ ರಷ್ಯಾ ಪೈಪಿನ ಗ್ಯಾಸು ಕಡಿಮೆ ಮಾಡಿದಾಗ ಜರ್ಮನಿಯಂಥ ಜರ್ಮನಿಯೇ ಚಳಿಗಾಲಕ್ಕೆ ಹೆದರಿತ್ತು. ಯುರೋಪಿನವರು ಹೆಚ್ಚು ಬೆಲೆ ಕೊಟ್ಟು ಹಡಗು ತರಿಸಿಕೊಂಡರು, ಬಡ ದೇಶಗಳು ಕತ್ತಲಲ್ಲಿ ಕೂತವು. ನಲ್ಲಿ ಯಾರ ಕೈಯಲ್ಲಿದೆಯೋ ಜಗತ್ತಿನಲ್ಲಿ ಅವರ ಮಾತು ನಡೆಯುತ್ತದೆ ಎಂದೆ.

ಅವನು ನಾನು ಬರೆದ ಜಲಸಂಧಿಯ ಮೇಲೆ ಬೆರಳಿಟ್ಟ.

"ಅದೆಲ್ಲಾ ಸರಿ ಸಾರ್. ಅವರಿಗೂ ಕೆರಿಯಮ್ಮಂಗೂ ಎಂತ ಜಗಳ?"

"ಎರಡು ಕೋಣ ಕಾದಾಡಿದ್ರೆ ಗಿಡಕ್ಕೆ ಕುತ್ತು ಕಣೋ" ಎಂದು ನಗಾಡಿದೆ. ಆ ನಗು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹದಿನೈದು ದಿನಕ್ಕೆ ಕಾಳಸಂತೆ ತಡೆಯುವ ಹೊಸ ತಪಾಸಣೆ ಬಂತು. ಎಲ್ಲೋ ಇರುವ ಕಂಪ್ಯೂಟರು ಒಂದೇ ನಂಬರಿನಲ್ಲಿ ನಲವತ್ತಮೂರು ಕನೆಕ್ಷನ್ ಇರುವುದನ್ನು ಹಿಡಿಯಿತು. ಹಿಡಿದದ್ದೇ ತಡ, ನಲವತ್ತಮೂರನ್ನೂ ಬಂದ್ ಮಾಡಿತು. ಸಿಲಿಂಡರು ಕದ್ದು ಮಾರುವವರು ಹಾಯಾಗಿಯೇ ಇದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದು ಶಿವರಾಮನಿಗೂ ಹೇಳಿದರು.

ನಾನು ಸಿಟ್ಟಿನಿಂದ ಏಜೆನ್ಸಿಗೆ ಹೋದೆ. ಮ್ಯಾನೇಜರ್ ರವೀಶ್ ಒಳ್ಳೆಯವನೇ, ಕುರ್ಚಿ ಕೊಟ್ಟ.

"ಶಿವರಾಮ ಕಳ್ಳ ಅಲ್ಲ ಅಂತ ನಂಗೊತ್ತಿಲ್ವಾ ಸಾರ್? ನನ್ ಕೈಲಿ ಏನೂ ಇಲ್ಲ. ಒಬ್ಬೊಬ್ರೂ ಬಂದು ಬೆರಳಚ್ಚು ಕೊಟ್ಟು ನಂಬರ್ ಬದಲಾಯಿಸ್ಕೊಳ್ಬೇಕು."

ಕೆರಿಯಮ್ಮ ಎರಡು ಬಸ್ಸು ಬದಲಿಸಿ ಬಂದರು. ಐವತ್ತು ವರ್ಷ ಸಗಣಿ ಸಾರಿಸಿದ ಬೆರಳು, ಅಚ್ಚು ಮೂಡಲಿಲ್ಲ. ಎರಡೂ ಕೈಯ ಹತ್ತೂ ಬೆರಳು ಇಡಿಸಿ ನೋಡಿದರು. ಹಾಗಾದರೆ ಓಟಿಪಿಯಿಂದ ಕಾವ್ಯಾಳ ನಂಬರ್ ಹಾಕೋಣ ಎಂದರೆ, ಓಟಿಪಿ ಬರಬೇಕಾದದ್ದು ಹಳೇ ನಂಬರಿಗೆ. ಆ ನಂಬರನ್ನೇ ಕಂಪ್ಯೂಟರು ಬಂದ್ ಮಾಡಿತ್ತು. ಅರ್ಜಿ ಬರೆದೆ. ಶಿವಮೊಗ್ಗಕ್ಕೆ ಬರೆದೆ, ಬೆಂಗಳೂರಿಗೆ ಬರೆದೆ. ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಯಾರೆಂದೇ ನನಗೆ ತಿಳಿಯಲಿಲ್ಲ, ಬೈಯುವುದಾದರೂ ಯಾರನ್ನು?

ಕೆರಿಯಮ್ಮನ ಸಿಲಿಂಡರು ಏಪ್ರಿಲಿನಲ್ಲಿ ಮುಗಿಯಿತು. ಶಿವರಾಮ ತನ್ನ ಮನೆಯ ಸಿಲಿಂಡರನ್ನೇ ಒಯ್ದು ಕೊಟ್ಟ. ಅದೂ ಮುಗಿಯಿತು. ನಾನು ಕರೆಂಟಿನ ಒಲೆ ತೆಗೆದುಕೊಂಡು ಹೋದೆ. ಸ್ವಿಚ್ ಹಾಕಿದರೆ ವೋಲ್ಟೇಜ್ ಸಾಲದೆ ಬಲ್ಬು ಕೆಂಪಗಾಗಿ ಒಲೆ ಪೀ ಎಂದು ಕೂಗಿ ಆರಿತು. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ನೆಲ ಬಿಟ್ಟು ಎದ್ದು ಬಂದ ಮನೆತನ ಅದು, ಆ ಮನೆಗೆ ಒಂದು ಒಲೆ ಉರಿಯುವಷ್ಟು ಕರೆಂಟಿಲ್ಲ. ಅಂಗಳದಲ್ಲಿ ಮೂರು ಕಲ್ಲಿಟ್ಟು ಕಾವ್ಯಾ ಸ್ವಲ್ಪ ದಿನ ಗಂಜಿ ಬೇಯಿಸಿದಳು. ಜೂನಿಗೆ ಮಳೆ ಹಿಡಿಯಿತು.

ಒಂದು ಬೆಳಿಗ್ಗೆ ಶಿವರಾಮ ಬಂದು, "ನೀವೂ ಬನ್ನಿ ಸಾರ್, ಒಬ್ನೇ ಹೋಗಕ್ಕೆ ನಂಗೆ ಧೈರ್ಯ ಇಲ್ಲ" ಎಂದ. ಹೋದೆವು. ಕೆರಿಯಮ್ಮ ಅದಾಗಲೇ ಮಣ್ಣು ನೆನೆಸಿ, ಹುಲ್ಲು ಕತ್ತರಿಸಿ ಇಟ್ಟಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

"ಒಡ್ದವ ನೀನು. ನೀನೇ ಕಟ್ಕೊಡು. ನಂಗೆ ಬಗ್ಗಕ್ಕೆ ಆಗಲ್ಲ."

"ನಂಗೆ ಬರಲ್ಲ ಕೆರಿಯಮ್ಮಾ."

"ನಾ ಹೇಳ್ತೀನಿ, ಮಾಡು."

ಅವರು ಹೊಸ್ತಿಲ ಮೇಲೆ ಕೂತು ಹೇಳಿದರು, ಅವನು ಮಾಡಿದ. ಒಲೆಯ ಬಾಯಿ ಅಗಲವಾಯಿತು, ಕೆಡವು. ಪಾತ್ರೆ ಕೂರುವ ಮಣ್ಣಿನ ಗುಬ್ಬಿ ಮೂರೂ ಒಂದೇ ಎತ್ತರ ಬರಲಿ, ಇಲ್ಲದಿದ್ದರೆ ಓಲುತ್ತದೆ. ಸಿಲಿಂಡರು ಹೊತ್ತ ಹೆಗಲು ಬಗ್ಗಿ ಬಗ್ಗಿ ಮಣ್ಣು ಮೆತ್ತಿತು. ಕಣ್ಣು ಒರೆಸಲು ಹೋಗಿ ಅವನ ಕೆನ್ನೆಗೆಲ್ಲ ಕೆಸರಾಯಿತು. ನೋಡಲಾರದೆ ನಾನು ಮಳೆಯನ್ನು ನೋಡುತ್ತ ನಿಂತೆ.

"ಮೇಷ್ಟ್ರೇ, ಆ ಸಮುದ್ರದ ಜಗಳ ಯಾವಾಗ ಮುಗೀತದೆ?" ಎಂದು ಕೆರಿಯಮ್ಮ ಕೇಳಿದರು.

"ಗೊತ್ತಿಲ್ಲ ಕೆರಿಯಮ್ಮಾ" ಎಂದೆ. ಜಗಳ ಮುಗಿದರೂ ಆ ಕಂಪ್ಯೂಟರು ಬಿಡುತ್ತದೆಯೇ, ಅದೂ ನನಗೆ ಗೊತ್ತಿರಲಿಲ್ಲ.

ಮಳೆಗಾಲ, ಒಲೆ ಒಣಗಲು ಹತ್ತು ದಿನ ಬೇಕಾಯಿತು. ಹೊಸ ಒಲೆಯಲ್ಲಿ ಹಾಲು ಉಕ್ಕಿಸುತ್ತೇವೆ, ಕಟ್ಟಿದವನು ಇರಲೇಬೇಕು ಎಂದು ಕಾವ್ಯಾ ಫೋನ್ ಮಾಡಿದಳು. ಮತ್ತೆ ಇಬ್ಬರೂ ಹೋದೆವು. ಕೆರಿಯಮ್ಮ ಸಾರಿಸಿ, ರಂಗೋಲಿ ಎಳೆದು, ಕುಂಕುಮ ಇಟ್ಟು, ಬೆಂಕಿ ಹೊತ್ತಿಸಿದರು. ಹಸಿ ಸೌದೆ, ಹೊಗೆ ಹೆಂಚಿನ ಮಾಡಿಗೆ ತಾಗಿ ಕೆಳಗೆ ಬಂತು. ಹಾಲು ಉಕ್ಕಿತು. ಬೆಲ್ಲ ಹಾಕಿದ ಹಾಲಿನ ಮೊದಲ ಲೋಟ ಜಗಲಿಗೆ ತಂದು ಶಿವರಾಮನಿಗೆ ಕೊಟ್ಟರು. ಅವನು ಕುಡಿದು, ಲೋಟ ತೊಳೆಯಲು ಬಾವಿಕಟ್ಟೆಗೆ ಹೋದ.

ಅವನು ಅತ್ತ ಹೋದದ್ದೇ ಕೆರಿಯಮ್ಮ ಒಳಗೆ ಸರಿದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಷ್ಟು ಹೊತ್ತು ಹೇಗೆ ತಡೆದಿದ್ದರೋ. ಮಗಳಿಗೆ ಕೈಸನ್ನೆ ಮಾಡಿ, ಏದುಸಿರಿನಲ್ಲಿ, "ಬಾಗ್ಲು ಹಾಕೇ... ಅವಂಗೆ ಕೇಳ್ಬಾರ್ದು" ಎಂದರು.

ಕಾವ್ಯಾ ಬಾಗಿಲು ಹಾಕಿದಳು. ಜಗಲಿಯಲ್ಲಿ ಕೂತ ನನಗೆ ಕೆಮ್ಮು ಕೇಳುತ್ತಲೇ ಇತ್ತು. ಬಾವಿಕಟ್ಟೆಯಲ್ಲಿ ಶಿವರಾಮ ನಮಗೆ ಬೆನ್ನು ಮಾಡಿ ಕೂತು, ತೊಳೆದ ಲೋಟವನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದ.