ಒಡೆಸ್ಸಾ ಟಾಲಿವರ್ ಅವರ ನೀಲಿ ಕಾರ್ಡು

ಇಂಥ ಗೌರವದ ಅಭಿನಂದನಾ ಸಂಪುಟದಲ್ಲಿ ಈ ಸಂಗತಿ ಹೇಳುವ ಧೈರ್ಯ ಮಾಡಿದ್ದಕ್ಕೆ ಹಿರಿಯರು ಮನ್ನಿಸಬೇಕು. ಇದನ್ನು ಬಿಟ್ಟು ಮಿಸ್ ಕ್ಲಾಡೀನ್ ಓವರ್ಬಿ ಅವರನ್ನು ಹೊಗಳಲು ಮೂರು ಸಲ ಪ್ರಯತ್ನಿಸಿದೆ, ಸುಳ್ಳು ಬರೆದಂತೆನಿಸಿತು.

ವರ್ಜೀನಿಯಾದ ನಮ್ಮ ಸರ್ಕಾರಿ ವಿಶ್ವವಿದ್ಯಾಲಯದ ಪ್ರವೇಶ ವಿಭಾಗವೆಂದರೆ ನಲವತ್ತು ವರ್ಷ ಮಿಸ್ ಕ್ಲಾಡೀನ್ ಅವರೇ ಆಗಿದ್ದರು. ಪದವಿಯ ದಿನ ಪ್ರತಿಯೊಬ್ಬರೂ ನೀಲಿ ಕಾರ್ಡಿಗೆ ಸಹಿ ಹಾಕುವುದು ಇಲ್ಲಿನ ರೂಢಿ. ಮುಂದೆ ಅವರ ಮಕ್ಕಳು ಅರ್ಜಿ ಹಾಕಿದಾಗ ಆ ಕಾರ್ಡನ್ನು ಕಡತಕ್ಕೆ ಸಿಕ್ಕಿಸುತ್ತೇವೆ. ಅಂಕ ಸಮವಾದರೆ ಕಾರ್ಡಿದ್ದವರಿಗೆ ಸೀಟು, ಇಬ್ಬರಿಗೂ ಇದ್ದರೆ ಹಳೆಯ ಕಾರ್ಡಿನವರಿಗೆ. ಅವರ ಕೈಕೆಳಗೆ ದುಡಿಯುತ್ತ ಓದುತ್ತಿದ್ದ ನನ್ನ ಸಂಜೆ ತರಗತಿಯ ಪರೀಕ್ಷೆಗಳು ಬಂದಾಗಲೆಲ್ಲ ನನ್ನ ಪಾಲಿನ ಕಡತಗಳನ್ನೂ ತಾವೇ ಎಳೆದುಕೊಂಡು ನನ್ನನ್ನು ಮನೆಗೆ ಕಳಿಸಿದವರು ಅವರು.

1978ರ ಮಾರ್ಚಿನಲ್ಲಿ ಒಂದೇ ಸೀಟು ಉಳಿದು, ಸಮ ಅಂಕದ ಇಬ್ಬರು ಎದುರಾದರು. ಹುಡುಗನ ತಂದೆಯ ಕಾರ್ಡು 1956ರದು. ರೆನೀಟಾ ಎಂಬ ಕಪ್ಪು ಹುಡುಗಿ ಅರ್ಜಿಯಲ್ಲಿ ಇಲ್ಲಿ ಓದಿದ ತಂದೆತಾಯಿಯ ಹೆಸರು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದಳು. ಆದರೂ ತಾಯಿಯ ಹೆಸರನ್ನು ಕಾರ್ಡುಗಳ ಡ್ರಾಯರಿನಲ್ಲಿ ಒಮ್ಮೆ ಹುಡುಕುವುದು ಮಿಸ್ ಕ್ಲಾಡೀನ್ ಅವರ ಪದ್ಧತಿ. ಸಿಕ್ಕಿತು: ಒಡೆಸ್ಸಾ ಟಾಲಿವರ್, 1951. ಆಗ ಕಪ್ಪು ಜನರಿಗೆ ಇಲ್ಲಿ ಪ್ರವೇಶವೇ ಇರಲಿಲ್ಲ.

ತಾಯಿಗೆ ಫೋನ್ ಮಾಡಿದರು.

"ಅರ್ಜಿ ಹಾಕಿದ್ದೆ ಮೇಡಂ. ನಿಮ್ಮ ಜನ ಮೆಟ್ಟಿಲಿಂದಾನೇ ವಾಪಸ್ ಕಳಿಸಿದ್ರು."

"ಕಾರ್ಡಲ್ಲಿ ಸಹಿ ಇದೆಯಮ್ಮ. ಕೆಳಗೆ ಎರಡು ಗೆರೆ."

"ಹುಡುಗಿಯಾಗಿದ್ದಾಗ ಹಾಗೇ ಎಳೀತಿದ್ದೆ. ಅದು ನಿಮಗೆ ಹೇಗೆ ಗೊತ್ತು?"

ವಿಭಾಗದ ಮುಖ್ಯಸ್ಥ ಟ್ರೆಂಟ್ ನಕ್ಕರು. "ಏನ್ರೀ ಮಿಸ್ ಕ್ಲಾಡೀನ್, ದೆವ್ವಗಳಿಗೂ ಡಿಗ್ರಿ ಕೊಟ್ವಾ? ಪದವೀಧರರ ರಿಜಿಸ್ಟರ್ ನೋಡಿ, ಆ ಕಾರ್ಡು ಹರಿದು ಹಾಕಿ."

"ಇಷ್ಟು ವರ್ಷದಲ್ಲಿ ಯಾರ ಅಪ್ಪನಿಗೂ ರಿಜಿಸ್ಟರ್ ನೋಡಿಲ್ಲ ಸರ್. ಈಗ ನೋಡೋದಾದ್ರೆ ಎಲ್ಲರದೂ ನೋಡೋಣ. ಹೋದ ವರ್ಷ ಸೇರಿದ ನಿಮ್ಮ ಮಗನಿಂದ ಶುರು ಮಾಡೋಣ್ವಾ?"

ಟ್ರೆಂಟ್ ಬಾಗಿಲು ಹಾಕಿಕೊಂಡು ಹೋದರು. ಮಿಸ್ ಕ್ಲಾಡೀನ್ ಕಾರ್ಡನ್ನು ಕಡತಕ್ಕೆ ಸಿಕ್ಕಿಸುವಾಗ ಆ ಸಹಿಯ ಶಾಯಿ ಹಸಿಯಾಗಿ ಅವರ ಹೆಬ್ಬೆರಳಿಗೆ ಅಂಟಿತಂತೆ. ಸೀಟು ರೆನೀಟಾಗೆ ಹೋಯಿತು. ಆ ಹುಡುಗ ಎಲ್ಲಿ ಓದಿದನೋ ಎಂದು ಅವರು ಈಗಲೂ ಕೇಳುತ್ತಾರೆ.

ಅವರು ನೂರು ವರ್ಷ ಬಾಳಲಿ, ನಮ್ಮ ತಪ್ಪುಗಳನ್ನು ಇನ್ನೂ ತಿದ್ದುತ್ತಿರಲಿ. ಆ ಸಹಿ ಹಾಕಿದವರು ಯಾರೆಂದು ಹೋದ ವಾರ ಧೈರ್ಯ ಮಾಡಿ ಕೇಳಿದೆ. ಗೊತ್ತಿಲ್ಲವೆಂದರು. ನನಗೂ ಗೊತ್ತಿಲ್ಲ.