ಮಗಳ ಕೈಗೆ ಬಂದ ಬಿಳಿ ಬಾಚಣಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಂದರಿನ ಕಸ್ಟಮ್ಸ್ ಶೆಡ್ಡಿನಲ್ಲಿ ಮರದ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ ಮೊಳೆಯಣ್ಣ ಮೊದಲು ಬಾಗಿಲ ಕಡೆ ನೋಡುತ್ತಾರೆ, ಆಮೇಲೆ ಸುತ್ತಿಗೆ ಎತ್ತುತ್ತಾರೆ. ಹೊರದೇಶದಿಂದ ಬಂದ ಪೆಟ್ಟಿಗೆಗಳನ್ನು ತಪಾಸಣೆಗೆ ಬಿಚ್ಚುವುದು, ಅಧಿಕಾರಿಗಳು ನೋಡಿದ ಮೇಲೆ ಅದೇ ಮೊಳೆಯನ್ನು ಅದೇ ತೂತಿಗೆ ಹೊಡೆದು ಮುಚ್ಚುವುದು ಅವರ ಕೆಲಸ. ದಿನಕ್ಕೆ ನಲವತ್ತು ಪೆಟ್ಟಿಗೆಯಾದರೂ ಆಗುತ್ತದೆ. ಬಾಗಿದ ಮೊಳೆಯನ್ನು ತಟ್ಟಿ ನೆಟ್ಟಗೆ ಮಾಡುತ್ತಾರೆಯೇ ಹೊರತು ಎಸೆಯುವುದಿಲ್ಲ. ಅಡ್ಡಹೆಸರು ಬಂದದ್ದೇ ಹಾಗೆ. ಬಾಗಿಲು ನೋಡುವ ಚಾಳಿ ಮಾತ್ರ ಹೊಸದು.

ಕಳೆದ ವರ್ಷ ಹಳೇ ಮೇಜು ಎಂದು ಬಂದ ಸರಕನ್ನು ಬಿಚ್ಚುವಾಗ ಅವರ ಕೈ ಜಾರಿತು. ಮೇಜಿನ ಕಾಲು ಸೀಳಿತು.

"ಕೆಲಸ ಹೋಯ್ತು ಅಂದ್ಕೊಂಡೆ. 'ತಪ್ಪಾಯ್ತು ಸಾರ್' ಅಂತ ಕೈ ಮುಗಿದೆ. ಸಾರ್ ನನ್ನ ಕಡೆ ನೋಡ್ತಾನೇ ಇಲ್ಲ, ಮೇಜಿನ ಕಾಲನ್ನೇ ನೋಡ್ತಾ ನಿಂತುಬಿಟ್ರು."

ಟೊಳ್ಳು ಕಾಲಿನೊಳಗೆ ಆನೆದಂತದ ತುಂಡುಗಳಿದ್ದವು. ದಂತ ತರಿಸುವುದಕ್ಕೆ ನಿಷೇಧವಿದೆ. ಸರಕಿನ ಮಾಲೀಕ ಜೈಲು ಸೇರಿದ, ಜಾಮೀನಿನ ಮೇಲೆ ಹೊರಗೂ ಬಂದ. ಬರುವ ಸೋಮವಾರ ಮೊಳೆಯಣ್ಣ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು.

ಈಚೆಗೆ ಒಂದು ಸಂಜೆ, ಶಾಲೆಯಿಂದ ಬರುತ್ತಿದ್ದ ಮಗಳ ಕೈಗೆ ಯಾರೋ ಒಂದು ಬಾಚಣಿಗೆ ಕೊಟ್ಟರು. "ನಿಮ್ಮಪ್ಪಂಗೆ ಗೊತ್ತಿರೋರು ಕೊಟ್ರು ಅಂತ ಹೇಳು" ಅಂದರಂತೆ. ಮೊಳೆಯಣ್ಣ ಮನೆಗೆ ಬಂದಾಗ ಹುಡುಗಿ ಜಡೆ ಬಿಚ್ಚಿ ಅದರಲ್ಲೇ ತಲೆ ಬಾಚಿಕೊಳ್ಳುತ್ತಿದ್ದಳು. ಶೆಡ್ಡಿನಲ್ಲಿ ಕಂಡ ಅದೇ ಗೆರೆ, ಅದೇ ನುಣುಪು. ಅವರು ಬಾಚಣಿಗೆಯನ್ನು ಅವಳ ಕೈಯಿಂದ ಕಿತ್ತುಕೊಂಡರು.

"ದಂತ ಮನೇಲಿದ್ರೆ ನಾನೇ ಕಳ್ಳ. ಶೆಡ್ಡಿಂದ ಕದ್ದ ಅಂತಾರೆ. ಆ ಮಾಲೀಕನ ಕಡೆಯೋರು ಪೊಲೀಸ್ರಿಗೆ ಒಂದು ಫೋನ್ ಮಾಡಿದ್ರೆ ಮುಗೀತು. ಆಮೇಲೆ ನನ್ನ ಸಾಕ್ಷಿ ಯಾರು ನಂಬ್ತಾರೆ ಹೇಳಿ?"

ಮೋರಿಗೆ ಎಸೆದುಬಿಡಿ ಎಂದರು ಹೆಂಡತಿ. ಪತ್ರಿಕೆಗೆ ಬರೆಯಲೆಂದು ಮನೆಗೆ ಹೋದ ನನ್ನೆದುರೇ ಈಗಲೂ ರೇಗುತ್ತಾರೆ: "ಇವ್ರು ನಿಯತ್ತಿನ ಮನುಷ್ಯ ಅಂತ ನಂಗೂ ಗೊತ್ತು. ಮಗಳು ನಾಳೆನೂ ಅದೇ ದಾರೀಲಿ ಬರಬೇಕಲ್ಲ?"

ಮಾರನೇ ಬೆಳಿಗ್ಗೆ ಮೊಳೆಯಣ್ಣ ಬಾಚಣಿಗೆಯನ್ನು ಟವೆಲಿನಲ್ಲಿ ಸುತ್ತಿ ಅಧಿಕಾರಿಯ ಮೇಜಿನ ಮೇಲಿಟ್ಟರು. "ದಾರೀಲಿ ಎದುರು ಬಂದೋರೆಲ್ಲ ಪೊಲೀಸ್ರ ಥರಾನೇ ಕಂಡ್ರು" ಎನ್ನುತ್ತಾರೆ. ಎಲ್ಲಿಂದ ಬಂತು ಎಂದು ಅಧಿಕಾರಿ ಮತ್ತೆ ಮತ್ತೆ ಕೇಳಿದರು. ನಂಬಿದರೋ ಇಲ್ಲವೋ, ಮುಖ ನೋಡಿದರೆ ಗೊತ್ತಾಗಲಿಲ್ಲ. ಈಗ ತಾಯಿಯೇ ಮಗಳನ್ನು ಶಾಲೆಗೆ ಬಿಟ್ಟು ಕರೆತರುತ್ತಾರೆ. ಯಾರಾದರೂ ಬಾಗಿಲು ಬಡಿದರೆ ಕಿಟಕಿಯಿಂದ ಇಣುಕಿ ನೋಡಿದ ಮೇಲೆಯೇ ತೆಗೆಯುತ್ತಾರೆ.

ಫೋಟೊ ಕೇಳಿದೆ. ಮೊಳೆಯಣ್ಣ ಬೆನ್ನು ತಿರುಗಿಸಿ ನಿಂತರು. "ಎಲೆಮರೆ ಕಾಯಿ ಅಂತ ತಾನೇ ಬರೆಯೋದು? ಮರೇಲೇ ಇರ್ಲಿ ಬಿಡಿ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಸೋಮವಾರ ಹೋಗುತ್ತೀರಾ ಎಂದೆ. ಉತ್ತರ ಹೆಂಡತಿಯಿಂದ ಬಂತು: "ಇವ್ರೊಬ್ರನ್ನೇ ಕಳ್ಸಲ್ಲ. ಮೂರೂ ಜನ ಹೋಗ್ತೀವಿ."

ಮೊಳೆಯಣ್ಣ ಹೆಂಡತಿಯ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: "ಕಾಲು ನಡುಗುತ್ತೆ. ನಡುಗ್ಲಿ. ಪೆಟ್ಟಿಗೆ ಬಿಚ್ಚಿದ್ದು ನಾನೇ ಅನ್ನೋಕೆ ಬಾಯಿ ಇದ್ರೆ ಸಾಕು."