ಡಾಕ್ಟರ ಅಪ್ಪನ ಬೂಟುಗಳು

ಅಮೆರಿಕದ ಬ್ರೂಕ್ಲಿನ್ನಿನ ಪಿಟ್ಕಿನ್ ರಸ್ತೆಯ ಡಾಕ್ಟರ್ ಆನ್ಶೆಲ್ ರಾಪೋರ್ಟ್ ಬಳಿ ಹೊಟ್ಟೆನೋವೆಂದು ಹೋದವರು ಆ ಚಳಿಗಾಲದಲ್ಲಿ ಬೂಟಿಲ್ಲದೆ ಮನೆಗೆ ಬರುತ್ತಿದ್ದರು. ಮಹಾಯುದ್ಧ ಮುಗಿದಿತ್ತು. ಪೋಲೆಂಡಿನ ನಮ್ಮ ಯಹೂದಿ ಜನ ಹಿಮದಲ್ಲಿ ಕಾಲಿಗೆ ಗೋಣಿ ಸುತ್ತಿಕೊಂಡು ಓಡಾಡುತ್ತಿದ್ದಾರೆಂದು ಸುದ್ದಿ. ಡಾಕ್ಟರು ಅವರಿಗೆಂದು ಬೂಟು ಕೂಡಿಸಿ, ಪೆಟ್ಟಿಗೆ ತುಂಬಿ ಹಡಗಿನಲ್ಲಿ ಕಳಿಸುತ್ತಿದ್ದರು.

"ನಾಲಿಗೆ ತೋರಿಸು," ಅನ್ನುವರು ಡಾಕ್ಟರು. "ಮನೇಲಿ ಇನ್ನೊಂದು ಜೊತೆ ಬೂಟಿದೆಯಾ? ಹಾಗಾದ್ರೆ ಇದನ್ನ ಇಲ್ಲೇ ಬಿಚ್ಚು. ಹೊಟ್ಟೆ ಹಗುರಾಗುತ್ತೆ."

ಟೋಪಿ ಹೊಲಿಯುವ ಯಾಂಕೆಲ್ ಕಾಲುಚೀಲದಲ್ಲೇ ಕುಪ್ಪಳಿಸುತ್ತ ಮನೆ ಸೇರಿದ. ದಾರಿಯುದ್ದಕ್ಕೂ ಬೈದ. ಹೊಟ್ಟೆನೋವು ಹೋಗಿದ್ದೂ ನಿಜವೆಂದು ಆಮೇಲೆ ಒಪ್ಪಿಕೊಂಡ.

ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ ಅನ್ನುತ್ತಾರಲ್ಲ, ಹಾಗೆ ಡಾಕ್ಟರ ಕಪಾಟಿನ ಮೇಲೇ ಒಂದು ಜೊತೆ ಬೂಟು ಕೂತಿತ್ತು. ಅವರ ಅಪ್ಪನದು. ಯುದ್ಧಕ್ಕೆ ಮೊದಲು ಅಮೆರಿಕ ನೋಡಲು ಬಂದ ಮುದುಕ, ಇಲ್ಲಿನವರು ಶುಕ್ರವಾರ ಹೊತ್ತು ಮುಳುಗಿದ ಮೇಲೆ ಕೆಲಸ ಮುಟ್ಟಬಾರದ ಸಬ್ಬತ್ ದಿನವೂ ದುಡಿಯುತ್ತಾರೆಂದು ಮುನಿಸಿಕೊಂಡು, ಮಗ ಕೊಡಿಸಿದ ಹೊಸ ಬೂಟಿನಲ್ಲೇ ಪೋಲೆಂಡಿನ ತನ್ನ ಊರಿಗೆ ಹಿಂತಿರುಗಿದ್ದ. ಹಳೆಯದನ್ನು "ಇಟ್ಟಿರು, ಮತ್ತೆ ಬರ್ತೀನಿ" ಎಂದು ಬಿಟ್ಟಿದ್ದ. ಆಮೇಲೆ ಯುದ್ಧದಲ್ಲಿ ಅವನ ಊರು ಸುಟ್ಟುಹೋಯಿತು, ಸುದ್ದಿ ನಿಂತಿತು. ಡಾಕ್ಟರು ಪ್ರತಿ ಶುಕ್ರವಾರ, ಸಬ್ಬತ್ ದೀಪ ಹಚ್ಚುವ ಮೊದಲು, ಆ ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಯಾರಾದರೂ ಕೇಳಿದರೆ ಕೆಂಡವಾಗುತ್ತಿದ್ದರು.

ಕೊನೆಯ ಪೆಟ್ಟಿಗೆ ಹಡಗಿಗೆ ಹೊರಡುವ ಶುಕ್ರವಾರ, ಹೆರಿಂಗ್ ಮೀನು ಮಾರುವ ಬ್ಲೂಮೆ ತನ್ನ ಗಂಡ ಕಲ್ಮನ್‌ನ ಬೂಟು ಹಿಡಿದು ಬಂದಳು. ಕಲ್ಮನ್ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಅವನ ಕಣ್ಣು ಮುಚ್ಚಿದ್ದು ಡಾಕ್ಟರೇ.

"ತಲೆ ನೆಟ್ಟಗಿದೆಯಾ ನಿಂಗೆ? ಸತ್ತವರ ಬೂಟನ್ನ ನಮ್ಮಲ್ಲಿ ಇನ್ನೊಬ್ಬರ ಕಾಲಿಗೆ ಹಾಕ್ತಾರಾ?"

"ಗೊತ್ತು ಡಾಕ್ಟ್ರೇ. ಬದುಕಿರೋರದ್ದಾದ್ರೆ ಅಡ್ಡಿ ಇಲ್ಲ ತಾನೆ?"

"ಯಾವ ಅಡ್ಡಿಯೂ ಇಲ್ಲ."

ಅವಳು ಕಪಾಟಿನತ್ತ ನೋಡಿದಳು. "ಮತ್ತೆ ನಿಮ್ಮಪ್ಪ?"

"ಬದುಕಿದ್ದಾರೆ."

"ಹಾಗಾದ್ರೆ ಅವು ಯಾಕೆ ಅಲ್ಲಿ ಕೂತಿವೆ? ಹಿಮದಲ್ಲಿ ಬರಿಗಾಲಲ್ಲಿರೋರು ನಿಮ್ಮಪ್ಪನೇ ಇರಬಹುದು."

ಕೊಡದಿದ್ದರೆ ಅಪ್ಪ ಸತ್ತನೆಂದು ತಾವೇ ಒಪ್ಪಿದಂತೆ. ಕೊಟ್ಟರೆ ಅಪ್ಪನದೆನ್ನಲು ಮನೆಯಲ್ಲಿ ಏನೂ ಉಳಿಯದು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಡಾಕ್ಟರು ಸ್ಟೂಲು ಹತ್ತಿ ಬೂಟು ಇಳಿಸಿದರು. ಅಪ್ಪ ಕಟ್ಟುತ್ತಿದ್ದಂತೆಯೇ ಲಾಡಿಗೆ ಎರಡೆರಡು ಗಂಟು ಬಿಗಿದು ಪೆಟ್ಟಿಗೆಯಲ್ಲಿಟ್ಟರು. ಸಂಕಟ ತಡೆಯಲಾಗದೆ ಅತ್ತುಬಿಟ್ಟರು.

"ಸಮಾಧಾನ ಆಯ್ತಾ, ಬಜಾರಿ?" ಎಂದರು ಮೂಗೊರೆಸಿಕೊಂಡು.

"ಆಯ್ತು." ಬ್ಲೂಮೆ ಕಲ್ಮನ್‌ನ ಬೂಟುಗಳನ್ನು ಮೇಜಿನ ಮೇಲಿಟ್ಟಳು. "ಇವನ್ನ ಯಾರೂ ಮೆಟ್ಟೋ ಹಾಗಿಲ್ಲ. ಮನೇಲಿ ನೋಡೋಕೆ ನನ್ನ ಕೈಲಾಗಲ್ಲ. ನಿಮಗೂ ಶುಕ್ರವಾರ ಬಂತು ಅಂದ್ರೆ ಕೈ ಸುಮ್ನಿರಲ್ಲ."

ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಡಾಕ್ಟರು ಪಾಲಿಶ್ ಬ್ರಷ್ ಹುಡುಕಿ ತೆಗೆದರು.